ಎಂಟನೇ ಕ್ಲಾಸಿಗೊಂದು ಟವಲ್ಲು

"ಅಮ್ಮಾ, ಮರಿಯಯ್ಯ ತಾತಂಗೆ ಎಲ್ಲಾರೂ ಗೊತ್ತಂತಲ್ಲ, ತಾತ ಯಾರಿಗ್ ಗೊತ್ತು?"

ಕಾವಲಿಯ ಮೇಲೆ ಹಿಟ್ಟು ಹುಯ್ದು ಸೌಟು ತಿರುಗಿಸುತ್ತಿದ್ದ ಕುಸುಮನ ಕೈ ಅರ್ಧ ಸುತ್ತಿಗೇ ನಿಂತಿತು. ಅಷ್ಟರಲ್ಲಿ ದೋಸೆ ತನ್ನ ಪಾಡಿಗೆ ತಾನು ಸೀದು, ಭೂಪಟದ ಯಾವುದೋ ದ್ವೀಪದಂತೆ ಕಾವಲಿಗೆ ಕಚ್ಚಿಕೊಂಡಿತು. ಏಳನೇ ಕ್ಲಾಸು ಮುಗಿಸಿ ರಜದಲ್ಲಿ ಮನೆಯಲ್ಲಿದ್ದ ಮಗಳು ಶೋಭಿತಾ ಇಂಥ ಪ್ರಶ್ನೆಗಳನ್ನೆಲ್ಲ ತಿಂಡಿಯ ಹೊತ್ತಿಗೇ ಕೂಡಿಡುತ್ತಿದ್ದಳು. ಈ ಪ್ರಶ್ನೆಗೆ ಉತ್ತರ ಕುಸುಮನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಗಂಡನ ಚಿಕ್ಕಪ್ಪನ ಬಗ್ಗೆ ಮಗಳ ಮುಂದೆ ಆಡುವಂಥ ಉತ್ತರವಾಗಿರಲಿಲ್ಲ. "ಮಾತು ಬಿಟ್ಟು ತಿಂಡಿ ತಿನ್ನು" ಎಂದಳು. (ಉತ್ತರ ಗೊತ್ತಿರುವ ಪ್ರಶ್ನೆಗಳಿಗೆಲ್ಲ ತಾಯಂದಿರು ಕೊಡುವ ಉತ್ತರ ಇದೇ.)

ಮರಿಯಯ್ಯನವರ ಊರು ಮದ್ದೂರು ತಾಲ್ಲೂಕಿನ ಆತಗೂರು. ವಾರಕ್ಕೊಮ್ಮೆ ಬಸ್ಸು ಹತ್ತಿ, ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡಿದ್ದ ಅಣ್ಣನ ಮಗ ಯತೀಶನನ್ನು ನೋಡಲು ಬರುತ್ತಿದ್ದರು. ಬರುವಾಗ ಕೈಯಲ್ಲಿ ನುಗ್ಗೆಕಾಯಿಯ ಕಟ್ಟು, ಹೆಗಲ ಮೇಲೆ ಹಸಿರು ಟವಲ್ಲು, ಬಾಯಲ್ಲಿ ಒಂದೇ ಮಾತು: "ನಮ್ಮೋರೇ."

ಹಸಿರು ಟವಲ್ಲು ಕಂಡು ಅವರನ್ನು ರೈತ ಹೋರಾಟಗಾರರೆಂದು ತಿಳಿಯಬಾರದು. ಮರಿಯಯ್ಯನವರು ಒಂದು ದಿನವೂ ರಸ್ತೆ ತಡೆಗೆ ಕೂತವರಲ್ಲ, ಜೈಕಾರ ಕೂಗಿದವರಲ್ಲ. ಹಿಂದೊಮ್ಮೆ ಬಿಳಿ ಟವಲ್ಲು ಹಾಕಿಕೊಂಡು ಕಚೇರಿಯೊಂದಕ್ಕೆ ಹೋದಾಗ ಹೊರಗೆ ನಿಲ್ಲಿಸಿದರಂತೆ, ಮಾರನೆಯ ವಾರ ಹಸಿರು ಹಾಕಿಕೊಂಡು ಹೋದಾಗ ಕುರ್ಚಿ ಹಾಕಿದರಂತೆ. ಅಂದಿನಿಂದ ಅವರ ಹೆಗಲಿಗೆ ಬೇರೆ ಬಣ್ಣ ಹತ್ತಲಿಲ್ಲ.

ಇನ್ನು "ನಮ್ಮೋರೇ" ಎಂಬ ಮಾತು. ಬೇರೆಯವರ ಬಾಯಲ್ಲಿ ಈ ಮಾತಿಗೆ ಸುತ್ತ ಒಂದು ಬೇಲಿ ಇರುತ್ತದೆ, ಆಚೆಗೆ ಇಂಥವರು, ಈಚೆಗೆ ಇಂಥವರು ಅಂತ. ಮರಿಯಯ್ಯನವರ ನಮ್ಮೋರಿಗೆ ಬೇಲಿಯೇ ಇರಲಿಲ್ಲ. ಜಾತಿ, ಪಕ್ಷ, ತಾಲ್ಲೂಕು ಯಾವುದರ ಹಂಗೂ ಇಲ್ಲದೆ ಡಾಕ್ಟರು, ಪೊಲೀಸು, ರೈಲಿನ ಟಿಕೆಟ್ ನೋಡುವವರು, ಟಿವಿಯಲ್ಲಿ ಹವಾಮಾನ ಹೇಳುವ ಹುಡುಗಿ, ಎಲ್ಲರೂ ನಮ್ಮೋರೇ. ಕುಸುಮನ ಮನೆಗೆ ಗ್ಯಾಸು ಬಂದದ್ದು ಅವರಿಂದ. (ಎಲ್ಲರ ಮನೆಗೂ ಬರುವ ದಿನವೇ ಬಂದಿತ್ತು.) ಶೋಭಿತಾಗೆ ಜ್ವರ ಬಿಟ್ಟದ್ದು ಡಾಕ್ಟರಿಗೆ ಅವರು ಹೇಳಿಸಿದ್ದರಿಂದ. (ಡಾಕ್ಟರು ಅಂದು ರಜದಲ್ಲಿದ್ದರು.) ಕರೆಂಟಿನ ಲೈನ್‌ಮನ್ ನಮ್ಮೋರೇ ಎಂದು ಒಮ್ಮೆ ಖುದ್ದಾಗಿ ಮಾತಾಡಿಸಿಕೊಂಡು ಬಂದರು. ಬೀದಿಗೆಲ್ಲ ದೀಪ ಬಂದ ಮೇಲೂ ಇವರ ಮನೆಯೊಂದು ಎರಡು ದಿನ ಕತ್ತಲೆಯಲ್ಲಿತ್ತು.

ಇಂಥ ಮರಿಯಯ್ಯನವರ ಹೆಸರು ಆ ದಿನ ತಿಂಡಿಯ ಹೊತ್ತಿಗೇ ಎದ್ದದ್ದು ಶೋಭಿತಾಳ ಹೈಸ್ಕೂಲಿನ ವಿಷಯಕ್ಕೆ.

ಅವಳು ಓದುತ್ತಿದ್ದ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಏಳಕ್ಕೆ ಮುಗಿಯುವ ಶಾಲೆಗಳು ಬೇಕಾದಷ್ಟಿವೆ. ಎಂಟಕ್ಕೆ ಶುರುವಾಗುವ, ಗುತ್ತಲಿನಿಂದ ನಡೆದು ಹೋಗಬಹುದಾದ, ಫೀಸು ಕೇಳಿದರೆ ಗೋಡೆ ಹಿಡಿದುಕೊಳ್ಳಬೇಕಾಗಿಲ್ಲದ, ಅದರ ಮೇಲೆ ಪಾಠವನ್ನೂ ಮಾಡುವ ಹೈಸ್ಕೂಲು ಎಂದರೆ ಕುಸುಮನ ಕಣ್ಣಿಗೆ ಒಂದೇ, ಹೆಣ್ಣುಮಕ್ಕಳ ಅನುದಾನಿತ ಹೈಸ್ಕೂಲು. ಅಲ್ಲಿ ಮೊದಲ ಪಾಲು ಅವರದೇ ಪ್ರೈಮರಿಯ ಮಕ್ಕಳಿಗೆ. ಮಿಕ್ಕ ಸೀಟುಗಳಿಗೆ ಒಂದು ದಿನ ಮಾತ್ರ ಅರ್ಜಿ ಕೊಡುತ್ತಾರೆ, ಮಗುವನ್ನು ಕರೆದುಕೊಂಡು ತಾಯಿಯೋ ತಂದೆಯೋ ಹೋಗಿ ಸಾಲಿನಲ್ಲಿ ನಿಲ್ಲಬೇಕು, ಅರ್ಜಿ ಮುಗಿದರೆ ಮುಗಿಯಿತು. ಆಮೇಲೆ ಪರೀಕ್ಷೆ. ಆಮೇಲೆ ದೇವರು.

ಬೇರೆ ದಿನಗಳಲ್ಲಿ ಮಂಡ್ಯದ ಜನ ಬೆಳಿಗ್ಗೆ ಎದ್ದು ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟಡಿ ಇದೆ ಎಂದು ವಿಚಾರಿಸುತ್ತಾರೆ. ಏಪ್ರಿಲ್ ಬಂತೆಂದರೆ ಏಳನೇ ಕ್ಲಾಸಿನ ಮಕ್ಕಳ ತಾಯಂದಿರು ಸೀಟು ಎಷ್ಟಿದೆ ಎಂದು ವಿಚಾರಿಸುತ್ತಾರೆ. ಎರಡೂ ದಿನದಿನಕ್ಕೆ ಇಳಿಯುತ್ತಿರುತ್ತವೆ. ಹಾಲಿನ ಬೂತಿನಲ್ಲಿ, ಸೊಪ್ಪಿನ ಗಾಡಿಯ ಹತ್ತಿರ, ಮೊಬೈಲಿನ ಪೋಷಕರ ಗುಂಪಿನಲ್ಲಿ ಅದೇ ಮಾತು. ಒಬ್ಬರು ಈ ಸಲ ಅರ್ಜಿಯೇ ಕೊಡುವುದಿಲ್ಲವಂತೆ ಎಂದರೆ, ಇನ್ನೊಬ್ಬರು ಆಗಲೇ ಕೊಟ್ಟು ಮುಗಿಸಿದರಂತೆ ಎನ್ನುತ್ತಿದ್ದರು.

ಸೀಟು ಸಿಗದೆ ಹೋದರೆ ಏನು ಎನ್ನುವುದಕ್ಕೆ ಯತೀಶನಲ್ಲಿ ಉತ್ತರ ತಯಾರಿತ್ತು. ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುವ ಅವನಿಗೆ ಪ್ರತಿಯೊಂದಕ್ಕೂ ಒಂದು ಬದಲಿ ಬಿಡಿಭಾಗ ಇಟ್ಟುಕೊಂಡೇ ಅಭ್ಯಾಸ. ಮಳವಳ್ಳಿಯಿಂದ ಆಚೆಗೆ ಹಾಸ್ಟೆಲ್ಲಿರುವ ಶಾಲೆಯೊಂದಿತ್ತು, ಸೀಟು ಇದೆ, ಯಾವಾಗ ಬೇಕಾದರೂ ಬನ್ನಿ ಎಂದು ಅಲ್ಲಿಂದ ಫೋನೂ ಬಂದಿತ್ತು.

ಹಾಸ್ಟೆಲ್ ಎಂಬ ಮಾತು ಕೇಳಿದರೆ ಕುಸುಮ ಎದ್ದು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಶೋಭಿತಾ ಇಂಗ್ಲಿಷಿನಲ್ಲಿ ಅಪ್ಪನ ತಪ್ಪು ತಿದ್ದುವಷ್ಟು ದೊಡ್ಡವಳಾಗಿದ್ದಳು ನಿಜ. ಆದರೆ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಮಲಗಿದರೆ ಇವತ್ತಿಗೂ ಒಂದು ಕಾಲು ಅಮ್ಮನ ಮೇಲೆ ಇರಲೇಬೇಕು. ಆ ಕಾಲನ್ನು ಮಳವಳ್ಳಿಯಾಚೆ ಯಾರ ಮೇಲೆ ಹಾಕಿಯಾಳು? ಕುಸುಮ ಕುಕ್ಕರಿನ ಸೀಟಿಗಳ ನಡುವೆ ಡೈರಿ ಬರೆಯುವ ಹೆಂಗಸು. ಅಂದು ಬರೆದದ್ದು ಎರಡೇ ಸಾಲು. 'ಶೋಭಿ ನಡೆದು ಹೋಗುವ ಶಾಲೆಗೇ ಹೋಗಬೇಕು. ಯಾರ ವಶೀಲಿಯೂ ಬೇಡ.' ಎರಡನೆಯದರ ಕೆಳಗೆ ಪೆನ್ನು ಒತ್ತಿ ಗೆರೆ ಎಳೆದಳು.

ಯತೀಶ ಮೆಲ್ಲಗೆ ಬಾಯಿ ತೆಗೆದ. "ಚಿಕ್ಕಪ್ಪಂಗೆ ಒಂದು ಮಾತು ಹಾಕಿದ್ರೆ..."

"ಹಾಕಿದ್ರೆ ಸಿಗೋ ಸೀಟೂ ಸಿಗಲ್ಲ."

"ಹಂಗಂತೀಯಲ್ಲ ಕುಸುಮ. ಗ್ಯಾಸು ಯಾರು ಕೊಡಿಸಿದ್ದು?"

"ಗ್ಯಾಸಿನವರು."

"ಮನೆ ಹುಡುಕಿಕೊಟ್ಟಿದ್ದು?"

"ರೀ, ಆ ಮನೆಗೆ ಬಾಗಿಲು ಇರ್ಲಿಲ್ಲ. ಓನರ್ ನಮ್ಮೋರೇ, ಹಾಕಿಸ್ತಾರೆ ಅಂದ್ರು. ಮಳೆಗಾಲ ಪೂರ್ತಿ ನಾನು ಬೀರು ಅಡ್ಡ ತಳ್ಳಿಕೊಂಡು ಮಲಗಿದ್ದೀನಿ."

ಯತೀಶ ಮುಂದೆ ಮಾತಾಡಲಿಲ್ಲ. ಆದರೆ ಮಾತಾಡದ ಗಂಡಸು ಸುಮ್ಮನಿದ್ದಾನೆಂದು ನಂಬಬಾರದು. ಶೋರೂಮಿಗೆ ಹೋದವನೇ ಆತಗೂರಿಗೆ ಫೋನ್ ಮಾಡಿದ್ದ.

ಹೀಗಾಗಿ ಅರ್ಜಿ ಕೊಡುವ ಹಿಂದಿನ ದಿನ ಮಧ್ಯಾಹ್ನ ಮರಿಯಯ್ಯನವರು ಬಾಗಿಲಲ್ಲಿ ಪ್ರತ್ಯಕ್ಷರಾದರು. ಮುದ್ದೆ, ಬಸ್ಸಾರು ಊಟ ಮಾಡಿದರು. ಬಸ್ಸಾರು ಗಡ್ಡದಿಂದ ಇಳಿದು ಹಸಿರು ಟವಲ್ಲಿನ ಮೂಲೆಯಲ್ಲಿ ಅಂಗೈಯಗಲ ಕಲೆ ಮಾಡಿತು. ಅದೇ ಟವಲ್ಲಿನಲ್ಲಿ ಕೈಯನ್ನೂ ಒರೆಸಿಕೊಂಡು ವಿಚಾರಣೆ ಶುರು ಮಾಡಿದರು.

"ಆ ಇಸ್ಕೂಲ್ನ ಎಚ್ಚೆಮ್ಮು ಯಾರವ್ವ?"

ವೀಣ ಮೇಡಂ ಅಂತ ಹೆಡ್ಮಿಸ್ಟ್ರೆಸ್ಸು ಇದ್ದಾರೆ, ಬಹಳ ಸ್ಟ್ರಿಕ್ಟು, ಯಾರ ಮಾತೂ ಕೇಳುವವರಲ್ಲ ಎಂದು ಕುಸುಮ ಕೊನೆಯ ಮೂರು ಮಾತುಗಳನ್ನು ಬಿಡಿಸಿ ಬಿಡಿಸಿ ಹೇಳಿದಳು. ಯಾವೂರಂತೆ ಎಂದು ಕೇಳಿದರು. ಮಳವಳ್ಳಿ ಕಡೆಯವರಂತೆ ಎಂದಳು.

"ಅಂಗಾದ್ರೆ ನಮ್ಮೋರೇ."

ಕುಸುಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕೂತಳು. ಮನೆಯ ಹಿರಿಯರು, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ನೋಯಿಸಬಾರದು. ಆದರೆ ಮಗಳ ಕಾಲು ಮಳವಳ್ಳಿಯಾಚೆ ಹೋಗುವುದೂ ಆಗಬಾರದು. ಈ ಒಂದು ಕೆಲಸ ಮಾತ್ರ ತನಗೆ ಬಿಡಬೇಕು, ಯಾರಿಗೂ ಫೋನ್ ಮಾಡಬಾರದು, ಯಾರ ಮನೆಗೂ ಹೋಗಬಾರದು, ಯಾರ ಹತ್ತಿರವೂ ಒಂದು ಮಾತೂ ಆಡಬಾರದು ಎಂದು ಕೇಳಿಕೊಂಡಳು. ಮರಿಯಯ್ಯನವರ ಮುಖ ಇಳಿಯಿತು. ತಾವು ತಂದಿದ್ದ ನುಗ್ಗೆಕಾಯಿ ಕಟ್ಟನ್ನು ಅತ್ತ ಸರಿಸಿದರು.

"ಆಯ್ತು ಬುಡವ್ವ. ನಿನ್ ಮಾತು ಮೀರಾಕಿಲ್ಲ. ನಾನು ಯಾರ್ ತಾವೂ ತುಟಿ ಬಿಚ್ಚಾಕಿಲ್ಲ."

ಅಷ್ಟು ಸುಲಭಕ್ಕೆ ಒಪ್ಪಿದ್ದು ಕಂಡು ಕುಸುಮನಿಗೇ ಪಾಪವೆನಿಸಿತು. ಇನ್ನೊಂದು ಲೋಟ ಕಾಫಿ ಮಾಡಿಕೊಟ್ಟಳು. ಕುಡಿದು ಎದ್ದವರು ಹೊಸಿಲ ಹತ್ತಿರ ನಿಂತು, ಏನೋ ನೆನಪಾದವರಂತೆ ತಿರುಗಿದರು.

"ಟವಲ್ ಆಕ್ಬುಟ್ಟು ಊರ್ಗೆ ಓಯ್ತೀನಿ ಕಣವ್ವ."

"ಹೂಂ ಮಾವ. ಹಾಕ್ಬಿಟ್ಟೇ ಹೋಗಿ" ಎಂದಳು ಕುಸುಮ.

ಅದರಲ್ಲಿ ಅನುಮಾನ ಪಡುವಂಥದ್ದು ಏನಿತ್ತು? ಸಂಜೆಯ ಮದ್ದೂರು ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮುಂಚೆಯೇ ಜನ ಕಿಟಕಿಯಿಂದ ಟವಲ್ಲು, ಚೀಲ, ಛತ್ರಿ, ಕೆಲವು ಸಲ ಮಗುವನ್ನೂ ಒಳಗೆ ಹಾಕಿ ಸೀಟು ಹಿಡಿಯುತ್ತಾರೆ. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಗಂಡಸರಿಗೆ ಸೀಟಿಲ್ಲವಾಗಿದೆ ಎಂದು ಮರಿಯಯ್ಯನವರು ಬಂದಾಗಲೆಲ್ಲ ಗೊಣಗುತ್ತಿದ್ದರು. ಟವಲ್ಲು ಬಿದ್ದ ಸೀಟಿಗೆ ನಮ್ಮ ಕಡೆ ಯಾರೂ ಕೂರುವುದಿಲ್ಲ. ಕೂತವನನ್ನು ಏಳಿಸಲು ಪೊಲೀಸರು ಬೇಕಾಗಿಲ್ಲ, ಬಸ್ಸಿಗೆ ಬಸ್ಸೇ ಏಳಿಸುತ್ತದೆ.

ಮಾರನೆಯ ದಿನ ಕೋಳಿ ಕೂಗುವ ಮುಂಚೆ ಕುಸುಮ ಎದ್ದಳು. ಮಗಳನ್ನು ಎಬ್ಬಿಸಿ, ನಿದ್ದೆಗಣ್ಣಿನಲ್ಲೇ ಜಡೆ ಹಾಕಿ, ಮಡಚುವ ಸ್ಟೂಲು, ಛತ್ರಿ, ಫ್ಲಾಸ್ಕು, ಬ್ರೆಡ್ಡು, ಅಂಟು, ಪಿನ್ನು, ಫೋಟೋ, ಪ್ರಮಾಣಪತ್ರಗಳು ಎಲ್ಲವನ್ನೂ ಚೀಲಕ್ಕೆ ತುಂಬಿದಳು. ದಂಡಯಾತ್ರೆಗೆ ಹೊರಟ ಸೈನ್ಯಕ್ಕೂ ಅಷ್ಟು ಸಿದ್ಧತೆ ಇದ್ದಿರಲಾರದು. ನಿನ್ನ ಜೊತೆ ನಾನೂ ಬರಲಾ ಎಂದು ಹೊದಿಕೆಯೊಳಗಿಂದ ಕೇಳಿದ ಯತೀಶನಿಗೆ, ನೀವು ಫೋನ್ ಮಾಡದೆ ಇದ್ದರೆ ಸಾಕು ಎಂದಳು.

ಶಾಲೆಯ ಬೀದಿಗೆ ತಿರುಗಿದರೆ ಜನವೇನೋ ಇತ್ತು, ಆದರೆ ಸಾಲಿರಲಿಲ್ಲ. ಇವಳಿಗಿಂತ ಮುಂಚೆ ಎದ್ದ ತಾಯ್ತಂದೆಯರು ಬೇಕಾದಷ್ಟು ಮಂದಿ ರಸ್ತೆಯ ಆಚೆ ಬದಿಗೆ ಗುಂಪಾಗಿ ನಿಂತು ಗೇಟನ್ನೇ ನೋಡುತ್ತಿದ್ದರು. ಗೇಟಿನ ಹತ್ತಿರ ಯಾರೂ ಇಲ್ಲ. ವಾಚ್‌ಮನ್ ಮಹದೇವು ಕೂಡ ಹತ್ತು ಮಾರು ದೂರದಲ್ಲಿ, ಕರಡಿ ಕಂಡವನಂತೆ ಕೈ ಕಟ್ಟಿಕೊಂಡು ನಿಂತಿದ್ದ.

ಗೇಟಿನ ಕಂಬಿಗೆ, ಬೀಗದ ಪಕ್ಕದಲ್ಲಿ, ಎರಡು ಗಂಟು ಬಿಗಿದ ಒಂದು ಹಸಿರು ಟವಲ್ಲು ಬೆಳಗಿನ ಗಾಳಿಗೆ ಗಂಭೀರವಾಗಿ ಹಾರುತ್ತಿತ್ತು.

ಬೇರೆ ಊರಿನಲ್ಲಾಗಿದ್ದರೆ ಟವಲ್ಲು ಟವಲ್ಲೇ. ಮಂಡ್ಯದಲ್ಲಿ ಗೇಟಿಗೆ ಹಸಿರು ಬಿದ್ದರೆ ಅದು ಸುದ್ದಿ. ಕಬ್ಬಿನ ಬಾಕಿಗೋ ಕಾವೇರಿ ನೀರಿಗೋ ಇಂದು ಏನೋ ಇದೆ ಎಂದು ಒಬ್ಬರು ಊಹಿಸಿದರು. ಹೆದ್ದಾರಿ ಆಗಲೇ ತಡೆದಿದ್ದಾರಂತೆ ಎಂದು ಇನ್ನೊಬ್ಬರು ಸೇರಿಸಿದರು. ಮೊಬೈಲಿನ ಗುಂಪಿನಲ್ಲಿ 'ಇಂದು ಬಂದ್' ಎಂದು ಬಂತು, ಅದರ ಬೆನ್ನಿಗೇ 'ಶಾಲೆಗೆ ಮುತ್ತಿಗೆ' ಎಂದೂ ಬಂತು. ಬಂದ್ ಎಂದರೆ ಏನು ಮಾಡಬೇಕೆಂದು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಎರಡು ಪ್ಯಾಕೆಟ್ ಹಾಲು ಹೆಚ್ಚಿಗೆ ಕೊಂಡರು, ಸ್ಕೂಟರ್ ತಿರುಗಿಸಿದರು. ಟೀ ಅಂಗಡಿಯವನು ಷಟರನ್ನು ಅರ್ಧಕ್ಕೆ ಎಳೆದು, ಬಗ್ಗಿ ಟೀ ಕೊಡಲು ಶುರು ಮಾಡಿದ. ನೋಡನೋಡುತ್ತಿದ್ದಂತೆ ಬೀದಿ ಖಾಲಿಯಾಯಿತು.

ಕುಸುಮ ಹೋಗಲಿಲ್ಲ. ಬಂದದ್ದು ಅರ್ಜಿಗೆ, ಅರ್ಜಿ ತೆಗೆದುಕೊಂಡೇ ಹೋಗುವುದು. ರಸ್ತೆ ದಾಟಿ ಗೇಟಿನ ಮುಂದೆ ಸ್ಟೂಲು ಬಿಡಿಸುವಾಗ ಟವಲ್ಲಿನ ಮೂಲೆ ಗಾಳಿಗೆ ಮಗುಚಿತು. ಅಂಗೈಯಗಲದ ಬಸ್ಸಾರಿನ ಕಲೆ. ತನ್ನದೇ ಕೈಯ ಬಸ್ಸಾರು.

"ಅಮ್ಮಾ, ಇದು ಮರಿಯಯ್ಯ ತಾ..." ಎಂದ ಶೋಭಿತಾಳ ಬಾಯಿಗೆ ಬ್ರೆಡ್ಡು ಹೋಯಿತು.

ಬಿಚ್ಚಿ ಚೀಲಕ್ಕೆ ಹಾಕಿಬಿಡೋಣವೆಂದು ಕೈ ಚಾಚಿದಳು. ದೂರದಿಂದಲೇ ಮಹದೇವು, "ಮುಟ್ಬೇಡಿ ಕಣಕ್ಕ, ಲೀಡ್ರು ಬರೋಗಂಟ ಯಾರೂ ಮುಟ್ಟಂಗಿಲ್ಲ" ಎಂದ. ಕುಸುಮ ಬದಿಗೆ ತಿರುಗಿ ಆತಗೂರಿಗೆ ಫೋನ್ ಮಾಡಿದಳು.

"ಮಾವ, ಸ್ಕೂಲ್ ಗೇಟಿಗೆ ಟವಲ್ ಕಟ್ಟಿದ್ದು ನೀವಾ?"

"ಊಂ ಕಣವ್ವ. ನಿನ್ ಕೇಳ್ಕಂಡೇ ಅಲ್ವಾ ಓಗಿದ್ದು? ಆಕ್ಬುಟ್ಟೇ ಓಗಿ ಅಂದೆ. ಮೊದಲ್ನೇ ಸೀಟು ನಮ್ದೇ. ಯಾಕೆ, ಯಾವನಾರ ಬಿಚ್ಚಿ ಬಿಸಾಕ್ಬುಟ್ನಾ?"

"ಯಾರೂ ಮುಟ್ಟಿಲ್ಲ ಮಾವ."

"ಎಂಗ್ ಮುಟ್ಟಾರು? ಎಲ್ಲಾ ನಮ್ಮೋರೇ."

ಕುಸುಮ ಫೋನ್ ಇಟ್ಟಳು. ಯಾರ ಹತ್ತಿರವೂ ತುಟಿ ಬಿಚ್ಚುವುದಿಲ್ಲ ಎಂದಿದ್ದರು, ಬಿಚ್ಚಿರಲಿಲ್ಲ. ಹಾಕಿಬಿಟ್ಟು ಹೋಗಿ ಎಂದವಳು ತಾನೇ.

ಅಷ್ಟರಲ್ಲಿ ಸ್ಕೂಟಿಯೊಂದು ಬಂದು ನಿಂತಿತು. ಹೆಲ್ಮೆಟ್ ತೆಗೆದ ವೀಣ ಮೇಡಂ ಗೇಟು ನೋಡಿದರು, ಟವಲ್ಲು ನೋಡಿದರು, ಅದರ ಕೆಳಗೆ ಸ್ಟೂಲಿನ ಮೇಲೆ ಛತ್ರಿ ಬಿಡಿಸಿಕೊಂಡು ಫ್ಲಾಸ್ಕಿನ ಸಮೇತ ಕೂತಿದ್ದ ಹೆಂಗಸನ್ನು ನೋಡಿದರು. ಎಷ್ಟೋ ಧರಣಿಗಳನ್ನು ಕಂಡ ಹೆಂಗಸು ಅವರು. ಗಾಬರಿಯಾಗಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಸಂಧಾನಕ್ಕೆ ಇಳಿದರು.

"ಇನ್ನೂ ಎಷ್ಟು ಜನ ಬರ್ತಾರೆ?"

"ನಾವಿಬ್ಬರೇ ಮೇಡಂ."

"ನಿಮ್ಮ ಬೇಡಿಕೆ ಏನು?"

ಕುಸುಮ ಎದ್ದು ನಿಂತಳು.

"ಎಂಟನೇ ಕ್ಲಾಸಿಗೆ ಒಂದು ಸೀಟು, ಮೇಡಂ."

"ಒಂದೇನಾ?"

"ಇರೋಳು ಒಬ್ಬಳೇ ಮಗಳು."

ಮೇಡಂ ಅವಳನ್ನೇ ದಿಟ್ಟಿಸಿದರು. ಇಷ್ಟು ಸಣ್ಣ ಬೇಡಿಕೆಯ ಮುತ್ತಿಗೆಯನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಆ ಕ್ಷಣದಲ್ಲಿ ಕುಸುಮ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತೋ. ಆದರೆ ಮಗಳು ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡುತ್ತಿದ್ದಳು. ಕುಸುಮ ಒಂದೇ ಉಸಿರಿಗೆ ಹೇಳಿಬಿಟ್ಟಳು. ಇದು ಹೋರಾಟದ ಟವಲ್ಲಲ್ಲ, ನಮ್ಮ ಮಾವನದು, ಬಸ್ಸಿನಲ್ಲಿ ಸೀಟಿಗೆ ಹಾಕುತ್ತಾರಲ್ಲ, ಹಾಗೆ ಹಾಕಿದ್ದಾರೆ, ಸಾಕ್ಷಿಗೆ ಮೂಲೆಯಲ್ಲಿ ಬಸ್ಸಾರು ಇದೆ.

ವೀಣ ಮೇಡಂ ಮೂಲೆಯನ್ನು ಎತ್ತಿ ನೋಡಿದರು. ಮೂಗಿನ ಹತ್ತಿರವೂ ಹಿಡಿದರು. ಆಮೇಲೆ ಬೆನ್ನು ತಿರುಗಿಸಿ ಸ್ಕೂಟಿಯ ಸೀಟನ್ನು ಹಿಡಿದುಕೊಂಡು ನಿಂತರು. ಹೆಗಲು ಕುಲುಕುತ್ತಿದ್ದುದರಿಂದ ಅಳುತ್ತಿದ್ದಾರೋ ನಗುತ್ತಿದ್ದಾರೋ ಮಹದೇವುಗೆ ಗೊತ್ತಾಗಲಿಲ್ಲ. ತಿರುಗಿದಾಗ ಮುಖ ಎಂದಿನ ಹಾಗೆ ಬಿಗಿಯಾಗಿತ್ತು. ಹೈಸ್ಕೂಲು ಬಸ್ಸಲ್ಲ, ಟವಲ್ಲಿಗೆ ಸೀಟು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದರು. ಮೊದಲು ಬಂದಿದ್ದೀರಿ, ಮೊದಲ ಅರ್ಜಿ ನಿಮಗೆ, ಅಷ್ಟೇ. ಹೆದರಿ ಹೋದವರಿಗೆ ಅನ್ಯಾಯವಾಗಬಾರದು, ಸಂಜೆಯವರೆಗೂ ಕೊಡುತ್ತೇವೆ, ಪರೀಕ್ಷೆಯಲ್ಲಿ ಬಂದವರಿಗೆ ಸೀಟು.

ಅರ್ಜಿ ಕೈಗೆ ಬಂತು. ಕುಸುಮ ಮಾಡಿದ ಮೊದಲ ಕೆಲಸ ಪೋಷಕರ ಗುಂಪಿಗೆ ಬರೆದದ್ದು. 'ಬಂದ್ ಇಲ್ಲ. ಅದು ನಮ್ಮ ಮಾವನವರ ಟವಲ್ಲು. ಅರ್ಜಿ ಸಂಜೆತನಕ ಕೊಡ್ತಾರೆ, ಬನ್ನಿ.' ಓದಿದ ಯತೀಶ ಶೋರೂಮಿನಿಂದಲೇ ಫೋನ್ ಮಾಡಿ ಹಲುಬಿದ.

"ಯಾಕೆ ಬರೆಯೋಕೆ ಹೋದೆ? ಬಂದ್ ಅಂತಲೇ ಇದ್ದಿದ್ರೆ ಬರೋರೂ ಕಮ್ಮಿ, ನಮ್ಮ ಹುಡುಗೀಗೂ ಸಲೀಸಾಗ್ತಿತ್ತು."

"ಅವರ ಮಕ್ಕಳನ್ನ ಮಳವಳ್ಳಿ ಹಾಸ್ಟೆಲ್ಲಿಗೆ ಕಳಿಸಿ ನಾನು ನಿದ್ದೆ ಮಾಡ್ಲಾ?" ಎಂದು ಕುಸುಮ ಫೋನ್ ಇಟ್ಟಳು.

ಆದರೆ ಸತ್ಯಕ್ಕೆ ಒಂದು ದೋಷವಿದೆ, ಅದು ಕಟ್ಟಿದ ಕಥೆಯಷ್ಟು ನಂಬುವ ಹಾಗಿರುವುದಿಲ್ಲ. ಟವಲ್ಲಿನ ಸತ್ಯವನ್ನು ಯಾರೂ ನಂಬಲಿಲ್ಲ. ಗುಂಪಿನವರೆಲ್ಲ ಸೇರಿ ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಕುಸುಮನ ಮಾವ ಯಾರೋ ಭಾರೀ ಲೀಡರಂತೆ, ಆಕೆ ಒಬ್ಬಳೇ ಗೇಟಿನಲ್ಲಿ ಕೂತು ಮಾತಾಡಿ ಬಂದ್ ಅನ್ನೇ ವಾಪಸು ತೆಗೆಸಿದಳಂತೆ, ಅರ್ಜಿ ಸಂಜೆಯವರೆಗೆ ಕೊಟ್ಟದ್ದೂ ಅವಳಿಂದಲಂತೆ. ಸೊಪ್ಪಿನ ಗಾಡಿಯ ಹತ್ತಿರ ಹೆಂಗಸರು ದಾರಿ ಬಿಡತೊಡಗಿದರು. ಸೊಪ್ಪಿನವಳು ಕೊತ್ತಂಬರಿಯನ್ನು ಕೇಳದೆಯೇ ಸೇರಿಸಿದಳು. ಆ ಭಾರೀ ಲೀಡರಿನ ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ.

ಪರೀಕ್ಷೆಯಾಯಿತು. ಆಯ್ಕೆಯಾದವರ ಹೆಸರನ್ನು ವೀಣ ಮೇಡಂ ಶಾಲೆಯ ಸಭಾಂಗಣದಲ್ಲಿ ತಾವೇ ಓದಿದರು, ಅದೂ ಅಕ್ಷರಮಾಲೆಯ ಪ್ರಕಾರ. ಅ ಆಯಿತು, ಕ ಆಯಿತು, ಚ, ತ, ಪ ಎಲ್ಲ ಆಯಿತು. ಮ ಬಂದಾಗ ಕುಸುಮ ಪಕ್ಕದವರ ಕೈಯನ್ನು ತನ್ನದೆಂದೇ ತಿಳಿದು ಹಿಸುಕುತ್ತಿದ್ದಳು. ಅನುಷಾ ಎಂದು ಹೆಸರಿಟ್ಟಿದ್ದರೆ ಆಗಲೇ ಗೊತ್ತಾಗಿರುತ್ತಿತ್ತಲ್ಲ ಎಂದು ಮನಸ್ಸಿನಲ್ಲೇ ಯತೀಶನನ್ನು ಬೈದಳು. ಕಡೆಗೆ "ಶೋಭಿತಾ ವೈ., ಗುತ್ತಲು" ಎಂದಾಗ ಮಗಳ ಜಡೆ ಹಿಡಿದು ಎದೆಗೆ ಒತ್ತಿಕೊಂಡಳು. ವಶೀಲಿಯಿಲ್ಲ, ಟವಲ್ಲಿಲ್ಲ, ಹುಡುಗಿಯೇ ಬರೆದು ಗೆದ್ದದ್ದು.

ಇತ್ತ ಆತಗೂರಿನಲ್ಲಿ ಮರಿಯಯ್ಯನವರು, ಟವಲ್ ಆಕಿ ಮೊಮ್ಮಗಳಿಗೆ ಸೀಟು ಕೊಡಿಸಿದೆ ಎಂದು ಅರಳಿಕಟ್ಟೆಗೆಲ್ಲ ಹಂಚಿಯಾಗಿತ್ತು.

ದಾಖಲಾತಿಯ ದಿನ ಕುಸುಮ ವರ್ಗಾವಣೆ ಪತ್ರ, ಆಧಾರು, ಜಾತಿ-ಆದಾಯದ ಪತ್ರಗಳನ್ನೆಲ್ಲ ಜೋಡಿಸಿಕೊಟ್ಟು, ಇನ್ನು ಈ ಸಂಗತಿ ಮುಗಿಯಿತೆಂದು ಏಳುವಾಗ ವೀಣ ಮೇಡಂ ಕೂರಿಸಿದರು. ಮೇಜಿನ ಡ್ರಾಯರಿನಿಂದ ಆ ಟವಲ್ಲನ್ನು ತೆಗೆದು ಮುಂದಿಟ್ಟರು.

"ಪೋಷಕರ ಸಮಿತಿಗೆ ನಿಮ್ಮ ಹೆಸರು ಬರೆದು ಹಾಕಿದ್ದೀನಿ. ಶಾಲೆ ಮುಂದೆ ಬಸ್ಸು ನಿಲ್ಲಲ್ಲ, ಮಕ್ಕಳು ಸರ್ಕಲ್ಲಿಂದ ನಡೀಬೇಕು. ಒಬ್ಬರೇ ಗೇಟಲ್ಲಿ ಕೂರೋರು ನನಗೆ ಬೇಕಾಗಿದ್ರು."

ಕುಸುಮ ಬೇಡವೆನ್ನಲು ಬಾಯಿ ತೆಗೆದಳು. ಹೆಡ್ಮಿಸ್ಟ್ರೆಸ್ಸು ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಟವಲ್ಲು ಹಿಡಿದುಕೊಂಡು ರಸ್ತೆಗೆ ಬಂದವಳು, ಎದುರಿಗೆ ಬಂದ ಬಸ್ಸನ್ನು ನಿಲ್ಲಿಸಲೆಂದು ಅಭ್ಯಾಸಬಲದಿಂದ ಕೈ ಎತ್ತಿದಳು, ಟವಲ್ಲೂ ಜೊತೆಗೆ ಎದ್ದಿತು. ಯಾವತ್ತೂ ಅಲ್ಲಿ ನಿಲ್ಲದ ಬಸ್ಸು ಕಿರ್ರೆಂದು ನಿಂತಿತು. ಡ್ರೈವರು ಇಳಿದು ಬಂದು, ಏನಕ್ಕ ಸಮಾಚಾರ, ರೋಡ್ ಬಂದಾ ಎಂದು ವಿನಯದಿಂದ ಕೇಳಿದ. ಮಕ್ಕಳು ಹತ್ತಬೇಕು ಎಂದಳು ಕುಸುಮ. ಮಕ್ಕಳು ಹತ್ತಿದರು. ಮಾರನೆಯ ದಿನವೂ ನಿಂತಿತು. ಈಗಂತೂ ಅದು ಸ್ಟಾಪೇ ಆಗಿದೆ.

ಟವಲ್ಲನ್ನು ಒಗೆದು (ಬಸ್ಸಾರಿನ ಕಲೆ ಹೋಗಲಿಲ್ಲ), ಇಸ್ತ್ರಿ ಮಾಡಿ, ಮರಿಯಯ್ಯನವರು ಬಂದಾಗ ಕೊಡೋಣವೆಂದು ಬೀರುವಿನಲ್ಲಿಟ್ಟಳು. ಆದರೆ ಒಂದು ವಾರ ಅವರು ಬರಲಿಲ್ಲ, ಎರಡನೆಯ ವಾರವೂ ಬರಲಿಲ್ಲ.

ಜೂನಿನ ಒಂದು ಬೆಳಿಗ್ಗೆ, ಶೋಭಿತಾ ಹೊಸ ಯೂನಿಫಾರ್ಮಿನಲ್ಲಿ ದೋಸೆಯ ಮುಂದೆ ಕೂತಿದ್ದಾಗ ಫೋನ್ ಬಂತು. ಮರಿಯಯ್ಯನವರು. ಹಿಂದೆ ಬಸ್ಸುಗಳ ಗದ್ದಲ. ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

ಮದ್ದೂರಿನ ಹೈಸ್ಕೂಲೊಂದರ ಮುಂದೆ ನಿಂತಿದ್ದರು. ಅವರ ತಂಗಿ ಪಟ್ಟಲಮ್ಮನ ಮೊಮ್ಮಗಳಿಗೆ ಎಂಟನೇ ಕ್ಲಾಸಿಗೆ ಸೀಟು ಆಗಬೇಕಾಗಿತ್ತು. ಮಂಡ್ಯದಲ್ಲೇ ಕೊಡಿಸಿದೋನು ಮದ್ದೂರಲ್ಲಿ ಕೊಡಿಸಾಕಿಲ್ವಾ ಎಂದು ಪಟ್ಟಲಮ್ಮ ಅಟ್ಟಿದ್ದರು. ಗೇಟಿನವನು ಒಳಗೆ ಬಿಡುತ್ತಿರಲಿಲ್ಲ.

"ಯಾರ್ ನೀನು ಅಂತಾವ್ನೆ ಕಣವ್ವ" ಎಂದರು ಮರಿಯಯ್ಯನವರು. "ಎಸ್ರು ಯೋಳ್ದೆ, ಊರು ಯೋಳ್ದೆ. ಗೊತ್ತಿಲ್ಲ ಅಂತಾನೆ. ಟವಲ್ಲೂ ನಿನ್ ತಾವೇ ಐತೆ, ಬರೀ ಎಗಲು ನೋಡಿ ಯಾರೂ ಮಾತಾಡ್ಸಾಕಿಲ್ಲ. ಆಮೇಲೆ ಮಂಡ್ಯದ ಇಸ್ಕೂಲಲ್ಲಿ ಮುತ್ತಿಗೆ ಆಕಿದ ಕುಸುಮ ಅಂತ ನಿನ್ ಎಸ್ರು ಯೋಳ್ದೆ ನೋಡು, ತಟ್ನೆ ಎದ್ದು ನಿಂತ್ಕಂಡ. ನಿಮ್ಗೆ ಅವ್ರು ಗೊತ್ತಾ ಅಂತ ಕೇಳ್ದ. ಗೊತ್ತು ಅಂದ್ರೆ ನಂಬ್ತಿಲ್ಲ."

ಕುಸುಮ ಸೌಟು ಹಿಡಿದು ನಿಂತಳು. ಮಗಳು ತಟ್ಟೆಯ ಮೇಲಿನಿಂದ ಕಣ್ಣು ಎತ್ತಿ, ಅಂದು ಕೇಳಿದ್ದ ಪ್ರಶ್ನೆಗೆ ಇಂದಾದರೂ ಉತ್ತರ ಸಿಕ್ಕೀತೇನೋ ಎಂಬಂತೆ ಅಮ್ಮನನ್ನೇ ನೋಡುತ್ತಿದ್ದಳು. ಕಾವಲಿಯ ಮೇಲೆ ಮತ್ತೊಂದು ದ್ವೀಪ ಹುಟ್ಟುತ್ತಿತ್ತು. ಫೋನಿನಲ್ಲಿ ಮರಿಯಯ್ಯನವರು, ಪಕ್ಕದವನಿಗೆ ಕೇಳಿಸದಿರಲೆಂದು ಇರಬೇಕು, ದನಿ ತಗ್ಗಿಸಿದರು.

"ನೀನು ಬ್ಯಾರೆ ಏನೂ ಮಾಡ್ಬೇಡ ಕಣವ್ವ. ಅವ್ನ್ ಕೈಗೆ ಫೋನ್ ಕೊಡ್ತೀನಿ. ಇವ್ರು ನಮ್ಮೋರೇ ಅಂತ ಒಂದ್ ಮಾತು ಯೋಳ್ಬುಡು."